ಧಾರೆ ಸೀರೆಗೆ ಕೊಡುವ ದುಡ್ಡು ಯಾವ ಊರಿಗೆ ಹೋಗುತ್ತದೆ?

ಮದುವೆ ನಿಶ್ಚಯವಾದ ಮನೆಗಳಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಧಾರೆಗೆ ಮೈಸೂರು ರೇಷ್ಮೆಯೋ, ಕಂಚಿಯೋ? ಅದರ ಬೆನ್ನಿಗೇ ಇನ್ನಷ್ಟು ಪ್ರಶ್ನೆಗಳು. ಬೀಗರ ಕಡೆಯವರಿಗೆ ಕೊಡುವ ಉಡುಗೊರೆ ಸೀರೆಗಳೂ ಅಸಲಿ ರೇಷ್ಮೆಯೇ ಆಗಬೇಕೇ? ಊರಿನ ಅಂಗಡಿಯಲ್ಲಿ ಒಂಬತ್ತು ಸಾವಿರಕ್ಕೆ ಸಿಗುವ ‘ಕಂಚಿ’ಗೆ ಬೆಂಗಳೂರಿನ ದೊಡ್ಡ ಮಳಿಗೆಯಲ್ಲಿ ನಲವತ್ತು ಸಾವಿರ ಏಕೆ? ಎರಡನ್ನೂ ಪಕ್ಕಪಕ್ಕ ಹರಡಿದರೆ ವ್ಯತ್ಯಾಸ ಕಾಣುವುದಿಲ್ಲ, ಎರಡೂ ಕಡೆ ಮಾರುವವರು ‘ಪ್ಯೂರ್ ಸಿಲ್ಕ್’ ಎಂದೇ ಹೇಳುತ್ತಾರೆ. ವಿಚಿತ್ರವೆಂದರೆ, ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು.

ರೇಷ್ಮೆ ಶುದ್ಧವಾಗಿದೆಯೇ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಅಂಗಡಿಗೆ ಹೋಗುವುದರಿಂದ ಈ ಗೊಂದಲ ಹುಟ್ಟುತ್ತದೆ. ಸೀರೆಯ ಬೆಲೆಯಲ್ಲಿ ರೇಷ್ಮೆಯ ಪಾಲು ನಾವು ಅಂದುಕೊಂಡಿರುವುದಕ್ಕಿಂತ ಬಹಳ ಕಡಿಮೆ.

ಲೆಕ್ಕ ಹಾಕಿ ನೋಡೋಣ. ರಾಮನಗರದ ಮಾರುಕಟ್ಟೆಯಲ್ಲಿ ಹರಾಜಾಗುವ ರೇಷ್ಮೆ ಗೂಡು, ಅದನ್ನು ಬಿಚ್ಚಿ ನೂಲು ತೆಗೆಯುವ ರೀಲರ್‌ಗಳ ಕೈಗೆ ಹೋಗುತ್ತದೆ. ಆರೇಳು ಕೆಜಿ ಒಳ್ಳೆಯ ಗೂಡನ್ನು ಬಿಚ್ಚಿದರೆ ಒಂದು ಕೆಜಿ ಕಚ್ಚಾ ರೇಷ್ಮೆ ಬರುತ್ತದೆ. ಅದರ ಬೆಲೆ ಈಚಿನ ವರ್ಷಗಳಲ್ಲಿ ಕೆಜಿಗೆ ಸುಮಾರು ನಾಲ್ಕೈದು ಸಾವಿರದ ಸುತ್ತ ಏರಿಳಿದಿದೆ. ಆ ನೂಲಿನ ಮೇಲೆ ಹುಳುವೇ ಹಚ್ಚಿದ ಅಂಟಿರುತ್ತದೆ. ಸೋಪಿನ ನೀರಿನಲ್ಲಿ ಕುದಿಸಿ ಅಂಟು ತೆಗೆದರೆ ತೂಕದಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಹೋಗುತ್ತದೆ. ಆದ್ದರಿಂದ 450 ಗ್ರಾಂ ಅಸಲಿ ರೇಷ್ಮೆ ಇರುವ ಸೀರೆಗೆ ಬೇಕಾಗುವುದು ಆರುನೂರು ಗ್ರಾಂನಷ್ಟು ಕಚ್ಚಾ ರೇಷ್ಮೆ. ಕೆಜಿಗೆ ಐದು ಸಾವಿರ ಹಿಡಿದರೆ ಮೂರು ಸಾವಿರ ರೂಪಾಯಿ. ಹುರಿ ಮಾಡುವುದಕ್ಕೆ, ಬಣ್ಣ ಹಾಕುವುದಕ್ಕೆ ಇನ್ನಷ್ಟು ಸೇರಿಸಿ. ನಲವತ್ತು ಸಾವಿರದ ಸೀರೆಯಲ್ಲೂ ಒಂಬತ್ತು ಸಾವಿರದ ಸೀರೆಯಲ್ಲೂ ಈ ಭಾಗ ಹೆಚ್ಚುಕಡಿಮೆ ಸಮ. ಎರಡರ ನಡುವಿನ ಮೂವತ್ತೊಂದು ಸಾವಿರ ಬೆಳ್ಳಿಗೆ ಹೋಯಿತೇ, ಮಗ್ಗದ ಮೇಲಿನ ದಿನಗಳಿಗೆ ಹೋಯಿತೇ, ಮಳಿಗೆಯ ಬಾಡಿಗೆಗೆ ಹೋಯಿತೇ ಎಂಬುದು ತಿಳಿದರೆ ಆಯ್ಕೆ ಮುಕ್ಕಾಲು ಪಾಲು ಮುಗಿದಂತೆ.

ಯಾವುದನ್ನು ನೋಡಿ ಅಳೆಯಬೇಕು

ಮೊದಲನೆಯದು ನೂಲು. ಹಾಸು (ಉದ್ದದ ಎಳೆ), ಹೊಕ್ಕು (ಅಡ್ಡದ ಎಳೆ) ಎರಡೂ ರೇಷ್ಮೆಯೇ ಎಂದು ಬೇರೆ ಬೇರೆಯಾಗಿ ಕೇಳಬೇಕು. ಹಾಸು ರೇಷ್ಮೆ, ಹೊಕ್ಕು ಪಾಲಿಯೆಸ್ಟರ್ ಆಗಿರುವ ಸೀರೆಗಳು ಮಾರುಕಟ್ಟೆಯಲ್ಲಿ ಧಾರಾಳವಾಗಿವೆ. ಬೆರಳಿಗೆ ಅವು ಮೋಸ ಮಾಡುತ್ತವೆ, ಬೆಂಕಿಗೆ ಮಾಡುವುದಿಲ್ಲ. ರವಿಕೆ ಬಟ್ಟೆಯ ಕತ್ತರಿಸಿದ ಅಂಚಿನಿಂದ ಉದ್ದಕ್ಕೆ ಹೋಗುವ ಒಂದೆರಡು ಎಳೆ, ಅಡ್ಡಕ್ಕೆ ಹೋಗುವ ಒಂದೆರಡು ಎಳೆ ತೆಗೆದು ಬೇರೆ ಬೇರೆ ಸುಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದ ಕರಿ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ, ಉಗುರಿಗೂ ಜಗ್ಗುವುದಿಲ್ಲ. ಕೃತಕ ರೇಷ್ಮೆ ಎನ್ನುವ ವಿಸ್ಕೋಸ್ ಕಾಗದದಂತೆ ಉರಿದು ಹೋಗುತ್ತದೆ. ಅಂಗಡಿಯಲ್ಲಿ ಇದಕ್ಕೆ ಒಪ್ಪದಿದ್ದರೆ ಸಿಲ್ಕ್ ಮಾರ್ಕ್ ಚೀಟಿ ಕೇಳಿ. 1949ರಲ್ಲಿ ಸ್ಥಾಪನೆಯಾದ ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ಈ ಗುರುತನ್ನು ತಂದಿತು. ಮಂಡಳಿಯ ಕೇಂದ್ರ ಕಚೇರಿ ಇರುವುದು ಬೆಂಗಳೂರಿನ ಮಡಿವಾಳದಲ್ಲೇ. ಆದರೆ ಆ ಚೀಟಿ ಹೇಳುವುದು ಒಂದೇ ಮಾತು, ರೇಷ್ಮೆ ಶುದ್ಧ ಎಂದು. ಜರಿಯ ಬಗ್ಗೆ, ಕೈಮಗ್ಗದ ಬಗ್ಗೆ, ನೇಯ್ದ ಊರಿನ ಬಗ್ಗೆ ಅದು ಚಕಾರ ಎತ್ತುವುದಿಲ್ಲ. ಮಾರುವವರು ಮಾತ್ರ ಆ ಚೀಟಿಯನ್ನು ತೋರಿಸಿ ನಾಲ್ಕಕ್ಕೂ ಪ್ರಮಾಣ ಕೊಟ್ಟುಬಿಡುತ್ತಾರೆ.

ಎರಡನೆಯದು ಜರಿ. ದುಡ್ಡು ಹೆಚ್ಚು ಕೈ ಜಾರುವುದು ಇಲ್ಲಿ. ದೇಶದ ಜರಿಯ ಬಹುಪಾಲು ತಯಾರಾಗುವುದು ಸೂರತ್‌ನಲ್ಲಿ. ಮೈಸೂರಿಗೂ ಕಂಚಿಗೂ ಹೆಚ್ಚಾಗಿ ಅಲ್ಲಿಂದಲೇ ಬರುತ್ತದೆ. ಅಸಲಿ ಜರಿ ಎಂದರೆ ಬೆಳ್ಳಿಯನ್ನು ಕೂದಲಿನಷ್ಟು ತೆಳುವಾಗಿ ಎಳೆದು, ಚಪ್ಪಟೆ ಮಾಡಿ, ರೇಷ್ಮೆ ಎಳೆಯ ಮೇಲೆ ಸುತ್ತಿ, ಚಿನ್ನದ ಲೇಪ ಕೊಟ್ಟದ್ದು. ಅದರ ಕೆಳಗಿನದು ಅಂಗಡಿಯವರು ‘ಹಾಫ್ ಫೈನ್’, ‘ಟೆಸ್ಟೆಡ್’ ಎಂದೆಲ್ಲ ಕರೆಯುವ ತಾಮ್ರದ ಜರಿ, ಮೇಲೆ ಬೆಳ್ಳಿಯ ಲೇಪ. ಎಲ್ಲಕ್ಕಿಂತ ಕೆಳಗಿನದು ಲೋಹದ ಹೊಳಪು ಹಿಡಿಸಿದ ಪ್ಲಾಸ್ಟಿಕ್ ಪಟ್ಟಿ. ಹೊಸದರಲ್ಲಿ ಮೂರೂ ಹೊಳೆಯುತ್ತವೆ. ಅಗ್ಗದ್ದು ಒಂದು ಕೈ ಹೆಚ್ಚಾಗಿಯೇ ಹೊಳೆಯುತ್ತದೆ.

ಬೆಲೆಯ ಅಂತರ ಎಷ್ಟೆಂದು ಊಹಿಸಿ. ಸೀರೆಯೊಂದರಲ್ಲಿ 150 ಗ್ರಾಂ ಜರಿ ಇದ್ದು ಅದರಲ್ಲಿ ಅರ್ಧ ಬೆಳ್ಳಿ ಎಂದಿಟ್ಟುಕೊಂಡರೆ, ಬೆಳ್ಳಿ ಕೆಜಿಗೆ ಒಂದು ಲಕ್ಷವಿದ್ದಾಗ ಅದರ ಬೆಲೆ ಏಳೂವರೆ ಸಾವಿರ. 2025ರ ಕೊನೆಗೆ ಬೆಳ್ಳಿ ಎರಡು ಲಕ್ಷ ದಾಟಿತು, ಅದೇ ಸೀರೆಯ ಬೆಳ್ಳಿಯೊಂದೇ ಹದಿನೈದು ಸಾವಿರವಾಯಿತು. ನೇಕಾರನ ಕೂಲಿ ಕಾಸೂ ಏರದೆ ಸೀರೆಯ ಬೆಲೆ ಏರುವುದು ಹೀಗೆ. ಬೆಳ್ಳಿ ಏರಿದೆ ಎಂದು ತಾಮ್ರದ ಜರಿಯ ಸೀರೆಗೂ ಬೆಲೆ ಏರಿಸುವವರಿದ್ದಾರೆ. ಬೆಳ್ಳಿ ಏರಿದಾಗ ಖರೀದಿ ಮಾಡುವವರು ಜರಿ ಬೆಳ್ಳಿಯದೋ ತಾಮ್ರದ್ದೋ ಎಂಬ ಒಂದು ಮಾತನ್ನು ಹಿಡಿದು ಕೇಳಬೇಕು.

ಜರಿಯನ್ನು ಪರೀಕ್ಷಿಸುವುದು ಕಷ್ಟವಲ್ಲ. ಸೆರಗಿನ ತುದಿಯ ಸಡಿಲ ಎಳೆಯೊಂದನ್ನು ಉಗುರಿನಿಂದ ಕೆರೆದರೆ ಲೋಹ ಬಿಚ್ಚಿಕೊಂಡು ಒಳಗಿನ ದಾರ ಕಾಣುತ್ತದೆ. ಲೋಹ ಬೆಳ್ಳಗೆ ಕಂಡರೆ ಬೆಳ್ಳಿ ಇರಬಹುದು, ಕೆಂಪಗೆ ಕಂಡರೆ ತಾಮ್ರ. ಇದಕ್ಕಿಂತ ಖಚಿತವಾದ ಉತ್ತರ ಬೇಕಾದವರು ಚಿನ್ನದಂಗಡಿಯ ಕ್ಯಾರೆಟ್ ಯಂತ್ರದ ಕೆಳಗೆ ಅಂಚನ್ನು ಇಡಿಸಬಹುದು. ಜರಿಯಲ್ಲಿ ಬೆಳ್ಳಿ ಶೇಕಡಾ ಎಷ್ಟು ಎಂದು ಅದು ನಿಮಿಷದಲ್ಲಿ ಹೇಳುತ್ತದೆ. ಐವತ್ತು ಸಾವಿರ ಕೊಡುವ ಗ್ರಾಹಕರು ಇದನ್ನು ಕೇಳಲು ಸಂಕೋಚಪಡುತ್ತಾರೆ. ಐದು ಗ್ರಾಂ ಉಂಗುರಕ್ಕೆ ಹಾಲ್‌ಮಾರ್ಕ್ ಕೇಳುವಾಗ ಮಾತ್ರ ಈ ಸಂಕೋಚ ಎಲ್ಲಿ ಹೋಗಿರುತ್ತದೋ ತಿಳಿಯದು.

ಮೂರನೆಯದು ಮಗ್ಗ. ಕೈಮಗ್ಗವೋ ವಿದ್ಯುತ್ ಮಗ್ಗವೋ ಎಂಬುದು ಒಳ್ಳೆಯದು, ಕೆಟ್ಟದ್ದು ಎಂಬ ಪ್ರಶ್ನೆಯಲ್ಲ. ಒಂದು ಸೀರೆಗೆ ಮಗ್ಗ ಎಷ್ಟು ದಿನ ಮೀಸಲಾಗುತ್ತದೆ ಎಂಬ ಪ್ರಶ್ನೆ. ತುಂಬು ಜರಿಯ ಕೈಮಗ್ಗದ ಸೀರೆಗೆ ಹತ್ತು ಹದಿನೈದು ದಿನ ಹಿಡಿಯುವುದು ಸಾಮಾನ್ಯ, ವಿದ್ಯುತ್ ಮಗ್ಗದಲ್ಲಿ ಅದೇ ವಿನ್ಯಾಸ ಬಲು ಬೇಗ ಮುಗಿಯುತ್ತದೆ. ಕೈಮಗ್ಗ ಎಂದು ಬೆಲೆ ಕೊಡುವುದಾದರೆ 2006ರಿಂದ ಇರುವ ಹ್ಯಾಂಡ್‌ಲೂಮ್ ಮಾರ್ಕ್ ಇದೆಯೇ ನೋಡಿ.

ನಾಲ್ಕನೆಯದು ನೇಕಾರನಿಂದ ನಿಮ್ಮವರೆಗೆ ಇರುವ ಕೈಗಳು. ಹೆಚ್ಚಿನ ಕಡೆ ನೂಲು, ಜರಿ, ವಿನ್ಯಾಸ ಎಲ್ಲವನ್ನೂ ಕೊಡುವವನು ಸಾಹುಕಾರ. ನೇಕಾರನಿಗೆ ಸೀರೆಗಿಷ್ಟು ಎಂದು ಕೂಲಿ. ಸಾಹುಕಾರನಿಂದ ಸಗಟು ವ್ಯಾಪಾರಿ, ಅಲ್ಲಿಂದ ಮಳಿಗೆ. ಸೀರೆಯ ಚೀಟಿಯಲ್ಲಿರುವ ಬೆಲೆ ಬಿಸ್ಕತ್ತಿನ ಪೊಟ್ಟಣದ ಮೇಲಿನಂತೆ ಕಾರ್ಖಾನೆಯಲ್ಲಿ ಅಚ್ಚಾದದ್ದಲ್ಲ, ಮಾರುವವರೇ ಅಂಟಿಸಿದ್ದು. ಆಷಾಢದಲ್ಲಿ ಶೇಕಡಾ 40 ರಿಯಾಯಿತಿ ಎಂದರೆ ಯಾವುದರ ಮೇಲೆ 40 ಎಂದು ಕೇಳಿಕೊಳ್ಳಬೇಕು. ಜಿಎಸ್‌ಟಿ ಸೀರೆಗೆ ಶೇಕಡಾ 5 ಮಾತ್ರ, ಬೆಲೆ ಏರಿದ್ದಕ್ಕೆ ತೆರಿಗೆಯನ್ನು ದೂರುವಂತಿಲ್ಲ.

ಐದನೆಯದು ನಿಮ್ಮ ಬಳಕೆ. ಇದನ್ನು ಯಾರೂ ಕೇಳುವುದಿಲ್ಲ. ವರ್ಷಕ್ಕೆ ನಾಲ್ಕು ಬಾರಿ ಉಡುವ ಸೀರೆಯೋ, ಧಾರೆಯಂದು ಉಟ್ಟು ಕಪಾಟಿನಲ್ಲಿಡುವ ಸೀರೆಯೋ? ಉಡುವವರು ಎಂಟು ಗಂಟೆ ಭಾರ ಹೊರಬಲ್ಲರೇ?

ಮೈಸೂರು ರೇಷ್ಮೆ: ಎಲ್ಲಿ ತಯಾರಾಯಿತು ಎಂದು ಖಚಿತವಾಗಿ ಹೇಳಬಹುದಾದ ಸೀರೆ

ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1912ರಲ್ಲಿ, ಸ್ವಿಟ್ಜರ್ಲೆಂಡಿನಿಂದ ಮಗ್ಗಗಳನ್ನು ತರಿಸಿ ಮೈಸೂರಿನಲ್ಲಿ ಆರಂಭಿಸಿದ ನೇಯ್ಗೆ ಕಾರ್ಖಾನೆ ಇಂದು ರಾಜ್ಯ ಸರ್ಕಾರದ ರೇಷ್ಮೆ ಉದ್ಯಮಗಳ ನಿಗಮವಾದ ಕೆಎಸ್‌ಐಸಿ ಕೈಯಲ್ಲಿದೆ. ನೂಲು ತಿ. ನರಸೀಪುರದ ಸಂಸ್ಥೆಯದೇ ಘಟಕದಿಂದ, ನೇಯ್ಗೆ ಬಹುಪಾಲು ಮೈಸೂರಿನಲ್ಲಿ, ಮಾರಾಟ ಸ್ವಂತ ಮಳಿಗೆಯಲ್ಲಿ. 2005ರಲ್ಲಿ ‘ಮೈಸೂರು ಸಿಲ್ಕ್’ಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದ್ದೂ ಈ ಸಂಸ್ಥೆಯ ಹೆಸರಿನಲ್ಲೇ. ನಡುವೆ ಸಾಹುಕಾರ ಇಲ್ಲ, ಸಗಟು ವ್ಯಾಪಾರಿ ಇಲ್ಲ. ಪ್ರತಿ ಸೀರೆಗೂ ಸಂಖ್ಯೆಯ ಗುರುತು ಉಂಟು. ಜರಿಯಲ್ಲಿ ಶೇಕಡಾ 65 ಬೆಳ್ಳಿ, ಶೇಕಡಾ 0.65 ಚಿನ್ನ ಎಂದು ಸಂಸ್ಥೆ ಹೇಳುತ್ತದೆ.

ಅನೇಕರು ಇದನ್ನು ಕೈಮಗ್ಗದ ಸೀರೆ ಎಂದುಕೊಂಡಿದ್ದಾರೆ. ಅಲ್ಲ, ಮೊದಲ ದಿನದಿಂದಲೂ ವಿದ್ಯುತ್ ಮಗ್ಗದ್ದೇ. ಅದರ ಸೊಗಸು ಇರುವುದು ಕ್ರೇಪ್ ನೂಲಿನಲ್ಲಿ. ಬಿಗಿಯಾಗಿ ಹುರಿ ಮಾಡಿದ ಎಳೆಯನ್ನು ಅಂಟು ಸಮೇತ ನೇಯ್ದು, ಆಮೇಲೆ ಅಂಟು ತೆಗೆದಾಗ ಹುರಿ ಸಡಿಲಗೊಂಡು ಬಟ್ಟೆ ಸಣ್ಣಗೆ ಮುದುಡುತ್ತದೆ, ಮೈಗೆ ಅಂಟಿಕೊಂಡಂತೆ ಇಳಿಯುತ್ತದೆ. ಬಣ್ಣವನ್ನು ಬಹುಪಾಲು ನೇಯ್ದ ಮೇಲೆ ಹಾಕುವುದರಿಂದ ಹಳೆಯ ಮಾದರಿಯ ಸೀರೆಗಳು ಒಂದೇ ಬಣ್ಣದ ಒಡಲು, ಅದಕ್ಕೊಂದು ಜರಿ ಅಂಚು, ಇಷ್ಟೇ. ಇದು ಬಡವಾಗಿ ಕಾಣುತ್ತದೆ ಎನ್ನುವವರಿಗೆ ಕಂಚಿಯೇ ಸರಿ. ಮೈಸೂರಿನದು ಹಗುರ, ಮಡಿಸಲು ಸುಲಭ, ಮೂವತ್ತು ವರ್ಷದ ನಂತರವೂ ಅಂಚು ಮಾಸದೆ ಉಳಿದ ಸೀರೆಗಳು ಹಳೆಯ ಮೈಸೂರಿನ ಎಷ್ಟೋ ಮನೆಗಳಲ್ಲಿವೆ.

ತೊಂದರೆ ಎರಡು. ಒಂದು, ಬೆಲೆ: ಸಣ್ಣ ಅಂಚಿನ ಸಾದಾ ಸೀರೆಯೂ ಈಗ ಇಪ್ಪತ್ತು ಸಾವಿರ ದಾಟಿದೆ, ತುಂಬು ಜರಿಯದ್ದು ಲಕ್ಷದ ಮೇಲಕ್ಕೂ ಹೋಗುತ್ತದೆ. ಇನ್ನೊಂದು, ಸಿಗುವುದೇ ಕಷ್ಟ. ದಾಸ್ತಾನು ಬರುವ ದಿನ ಮಳಿಗೆ ತೆರೆಯುವ ಮುನ್ನವೇ ಸಾಲು ನಿಂತಿರುತ್ತದೆ. ಮುಹೂರ್ತ ತಿಂಗಳೊಪ್ಪತ್ತಿನಲ್ಲಿದ್ದರೆ ಮೆಚ್ಚಿನ ಬಣ್ಣ ಸಿಗುವ ಭರವಸೆ ಇಟ್ಟುಕೊಳ್ಳಬೇಡಿ. ಬೇರೆ ಯಾವ ಅಂಗಡಿಯಲ್ಲಾದರೂ ‘ಮೈಸೂರು ಸಿಲ್ಕ್’ ಎಂದು ಕಂಡರೆ, ಅದು ಒಳ್ಳೆಯ ಕ್ರೇಪ್ ರೇಷ್ಮೆಯೇ ಆಗಿರಬಹುದು, ಆದರೆ ಈ ಕಾರ್ಖಾನೆಯದಲ್ಲ. ಆ ಹೆಸರಿಗೆಂದು ಹೆಚ್ಚು ಕೊಡುವ ಅಗತ್ಯವಿಲ್ಲ.

ಕಂಚಿ: ಊರಿನ ಹೆಸರು ಊರಿಗಿಂತ ದೊಡ್ಡದು

ಕಂಚೀಪುರದ ನೇಕಾರರು ಬಳಸುವ ರೇಷ್ಮೆಯಲ್ಲಿ ಬಹುಭಾಗ ಕರ್ನಾಟಕದ ಶಿಡ್ಲಘಟ್ಟ, ರಾಮನಗರದ ಕಡೆಯದು, ಜರಿ ಹೆಚ್ಚಾಗಿ ಗುಜರಾತಿನದು. ಕಂಚಿಯ ಸ್ವಂತದ್ದು ಎಂದರೆ ಕೈ. ಆ ಕೈಗೆ ಬೆಲೆ ಕೊಡುವುದಾದರೆ ಕಂಚಿ ಕೊಳ್ಳಿ, ಇಲ್ಲದಿದ್ದರೆ ಬೇಡ.

ಆ ಕೈ ಎಲ್ಲಿ ಕಾಣುತ್ತದೆ? ಒಡಲು ಹಸಿರು, ಅಂಚು ಕೆಂಪು ಇರುವ ಸೀರೆ ತೆಗೆದುಕೊಂಡು ಅಂಚನ್ನು ಬೆರಳ ಮೇಲೆ ಹಾಕಿ ಸ್ವಲ್ಪ ಬಾಗಿಸಿ ನೋಡಿ. ಸಾಧಾರಣ ನೇಯ್ಗೆಯಲ್ಲಿ ಒಡಲಿನ ಹೊಕ್ಕು ಅಂಚಿನ ಒಳಗೂ ಹಾದುಹೋಗುತ್ತದೆ, ಹಾಗಾಗಿ ಕೆಂಪು ಅಂಚಿನೊಳಗೆ ಹಸಿರಿನ ಛಾಯೆ ಇಣುಕುತ್ತದೆ. ಕೊರವೈ ಎನ್ನುವ ನೇಯ್ಗೆಯಲ್ಲಿ ಒಡಲಿಗೊಂದು, ಎರಡು ಅಂಚಿಗೆ ಒಂದೊಂದು ಎಂದು ಹೊಕ್ಕಿನ ನೂಲನ್ನು ಒಯ್ಯುವ ಮೂರು ಲಾಳಿಗಳು ಓಡುತ್ತವೆ. ಒಂದು ಲಾಳಿ ಎಸೆಯಲು ನೇಕಾರನ ಪಕ್ಕದಲ್ಲಿ ಮತ್ತೊಬ್ಬರು ಕೂರಬೇಕು. ಅಲ್ಲಿ ಅಂಚಿನ ಕೆಂಪು ಅಪ್ಪಟ ಕೆಂಪು. ಒಡಲೂ ಅಂಚೂ ಕೂಡುವಲ್ಲಿ ಎಳೆಗಳು ಒಂದನ್ನೊಂದು ಹಿಡಿದುಕೊಂಡ ಗೆರೆ ತುಸು ಏರುಪೇರಾಗಿ ಕಾಣುತ್ತದೆ. ಹಾಗೆಯೇ ಸೆರಗಿನ ಬಣ್ಣ ಬೇರೆಯಿದ್ದರೆ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆ ಎಳೆಯಾಗಿ ಹೊಸೆದು ಜೋಡಿಸಿರುತ್ತಾರೆ. ತಮಿಳಿನಲ್ಲಿ ಅದನ್ನು ಪೇಟ್ನಿ ಎನ್ನುತ್ತಾರೆ, ಸೀರೆಯ ಹಿಂಬದಿಯಲ್ಲಿ ಆ ಗೆರೆಯನ್ನು ಬೆರಳಿನಿಂದಲೇ ಗುರುತಿಸಬಹುದು.

ಈ ಎರಡೂ ಇಲ್ಲದ ‘ಕಂಚಿ’ ಬೇಕಾದಷ್ಟಿದೆ. ಆರಣಿ, ಸೇಲಂ, ಆಂಧ್ರದ ಧರ್ಮಾವರಂ, ನಮ್ಮದೇ ದೊಡ್ಡಬಳ್ಳಾಪುರ ಎಲ್ಲ ಕಡೆಯ ಸೀರೆಗಳೂ ಅಂಗಡಿಯ ಗಾಜಿನ ಹಿಂದೆ ಕಂಚಿಯಾಗುತ್ತವೆ. ಧರ್ಮಾವರಂ ತನ್ನ ಹೆಸರಿನಲ್ಲೇ ಮಾರಿದರೂ ಒಳ್ಳೆಯ ಸೀರೆ. ದೊಡ್ಡ ಅಂಚು, ದಪ್ಪ ಒಡಲು, ಬೆಲೆ ಕಡಿಮೆ. ಅದನ್ನು ಅದರ ಬೆಲೆಗೆ ಕೊಂಡರೆ ಮೋಸವಿಲ್ಲ, ಕಂಚಿಯ ಬೆಲೆಗೆ ಕೊಂಡಾಗ ಮಾತ್ರ ನಷ್ಟ. ನಿಜವಾದ ಕಂಚಿಯನ್ನೇ ಬಯಸುವವರಿಗೆ ಅಲ್ಲಿನ ನೇಕಾರರ ಸಹಕಾರ ಸಂಘಗಳ ಮಳಿಗೆಗಳಿವೆ. ಬೆಂಗಳೂರಿನಿಂದ ಬೆಳಗ್ಗೆ ಹೊರಟರೆ ರಾತ್ರಿ ಮನೆಗೆ ಬರಬಹುದು. ಅಸಲಿ ಜರಿಯ ಕೊರವೈ ಸೀರೆಗೆ ಮೂವತ್ತು ಸಾವಿರದ ಕೆಳಗೆ ಬೆಲೆ ಹೇಳಿದರೆ ಸಂತೋಷಪಡುವ ಮೊದಲು ಜರಿಯನ್ನು ಪರೀಕ್ಷಿಸಿ. ಇನ್ನೊಂದು ಮಾತು, ಇದು ಭಾರದ ಸೀರೆ. ಮದುಮಗಳು ಸಣ್ಣ ಮೈಕಟ್ಟಿನವಳಾಗಿದ್ದರೆ ಅಂಗಡಿಯಲ್ಲೇ ಉಡಿಸಿ ನಿಲ್ಲಿಸಿ ನೋಡಿ, ಬರಿಯ ಹೆಗಲ ಮೇಲೆ ಹಾಕಿ ಕನ್ನಡಿ ನೋಡಿದರೆ ಸಾಲದು.

ದೊಡ್ಡಬಳ್ಳಾಪುರ, ಬೆಂಗಳೂರಿನ ವಿದ್ಯುತ್ ಮಗ್ಗಗಳು

ಹಾಸು ಹೊಕ್ಕು ಎರಡೂ ಶುದ್ಧ ರೇಷ್ಮೆ, ಜರಿ ತಾಮ್ರದ್ದು, ವಿನ್ಯಾಸ ಕಂಪ್ಯೂಟರಿನದು. ಆರಂಭದಲ್ಲಿ ಹೇಳಿದ ಒಂಬತ್ತು ಸಾವಿರದ ಸೀರೆ ಸಾಮಾನ್ಯವಾಗಿ ಇಲ್ಲಿಯದು. ಇದಕ್ಕೆ ಮುಖ ಸಿಂಡರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮೈಗೆ ತಾಗುವ ರೇಷ್ಮೆ ನಲವತ್ತು ಸಾವಿರದ ಸೀರೆಯದೇ. ಕಡಿಮೆಯಾದದ್ದು ಬೆಳ್ಳಿ ಮತ್ತು ದಿನಗಳು. ಫೋಟೋದಲ್ಲಿ ಎರಡೂ ಕಾಣುವುದಿಲ್ಲ. ಆರತಕ್ಷತೆಗೆ, ಅತ್ತಿಗೆ ನಾದಿನಿಯರಿಗೆ, ಹಬ್ಬಕ್ಕೆ ಉಡುವವರಿಗೆ ಆರರಿಂದ ಹನ್ನೆರಡು ಸಾವಿರದೊಳಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. ಕೊರತೆ ಒಂದೇ, ತಾಮ್ರದ ಜರಿ ಬೆವರಿಗೂ ಗಾಳಿಗೂ ಕಪ್ಪಾದರೆ ಹಳೆಯ ಹೊಳಪು ಬರುವುದಿಲ್ಲ. ಬೆಳ್ಳಿಯ ಜರಿಯೂ ಮಾಸುತ್ತದೆ, ಆದರೆ ಪಾಲಿಶ್ ಮಾಡಿಸಬಹುದು. ಹಾಗಾಗಿ ಮಗಳಿಗೆ ಕೊಡಬೇಕೆಂದು ಎತ್ತಿಡುವ ಸೀರೆ ಇದಲ್ಲ.

ಮೊಳಕಾಲ್ಮೂರು

ಚಿತ್ರದುರ್ಗ ಜಿಲ್ಲೆಯ ಈ ಊರಿನ ಕೈಮಗ್ಗದ ಸೀರೆಗೂ ಭೌಗೋಳಿಕ ಗುರುತಿದೆ. ಹೂವು, ಹಣ್ಣು, ಹಕ್ಕಿಯ ಬುಟ್ಟಾಗಳು, ಎದ್ದು ಕಾಣುವ ಅಂಚು. ಇದರ ದೌರ್ಬಲ್ಯ ಎಂದರೆ ಹೆಸರು ಮಾಡಿಲ್ಲ ಎಂಬುದೊಂದೇ, ಆ ದೌರ್ಬಲ್ಯವೇ ಕೊಳ್ಳುವವರಿಗೆ ಲಾಭ. ಇಲ್ಲಿ ನೇಯ್ದದ್ದು ಬೇರೆ ಊರಿನ ಹೆಸರಿನಲ್ಲಿ ಮಾರಾಟವಾಗುವುದೂ ಉಂಟು. ಕೈಮಗ್ಗದ ಸೀರೆಯೇ ಬೇಕು, ಕಂಚಿಯ ಬೆಲೆ ಕೈಗೆಟುಕದು ಎನ್ನುವವರು ಊರಿಗೇ ಹೋಗಿ ನೇಕಾರರ ಮನೆಯಲ್ಲಿ ಅಥವಾ ಸಂಘದಲ್ಲಿ ಕೊಳ್ಳುವುದು ಒಳ್ಳೆಯದು. ಜರಿ ಯಾವುದೆಂದು ಅಲ್ಲಿಯೂ ಕೇಳಿ. ತಾಮ್ರದ ಜರಿಯನ್ನೂ ಅಸಲಿ ಜರಿಯನ್ನೂ ಒಂದೇ ಮಗ್ಗ ನೇಯುತ್ತದೆ.

ಇಳಕಲ್: ಅಗ್ಗದಲ್ಲಿ ಪ್ರಾಮಾಣಿಕ

ಇಳಕಲ್ ಸೀರೆಯನ್ನು ಧಾರೆಯ ಪಟ್ಟಿಯಲ್ಲಿ ಸೇರಿಸಿದ್ದಕ್ಕೆ ದಕ್ಷಿಣದವರು ಹುಬ್ಬೇರಿಸಬಹುದು. ಬಾಗಲಕೋಟೆ, ವಿಜಯಪುರ, ಗದಗದ ಕಡೆಯವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಈ ಸೀರೆಯಲ್ಲಿ ಜರಿಯ ಗೊಡವೆಯೇ ಇಲ್ಲದ್ದರಿಂದ ಬೆಳ್ಳಿ ಏರಿದರೂ ಇಳಿದರೂ ಅದರ ಬೆಲೆ ಅಲುಗುವುದು ಕಡಿಮೆ. ಕೊಡುವ ದುಡ್ಡು ನೂಲಿಗೂ ಕೈಗೂ ಹೋಗುತ್ತದೆ.

ಇಲ್ಲಿ ಮೂರು ದರ್ಜೆ. ಒಡಲು ಹತ್ತಿಯಾಗಿ ಅಂಚು ಸೆರಗು ‘ಚಮಕಾ’ ಎನ್ನುವ ಕೃತಕ ರೇಷ್ಮೆಯಾದದ್ದು ಸಾವಿರ ಎರಡು ಸಾವಿರಕ್ಕೆ ಸಿಗುತ್ತದೆ. ರೇಷ್ಮೆಯೂ ಹತ್ತಿಯೂ ಬೆರೆತದ್ದು ಅದರ ಮೇಲೆ. ಪೂರ್ತಿ ರೇಷ್ಮೆಯದ್ದು ಇನ್ನೂ ಮೇಲೆ, ಆದರೂ ಕಂಚಿಯ ಹತ್ತಿರಕ್ಕೂ ಬರುವುದಿಲ್ಲ. ಇಳಕಲ್ಲಿನ ಅಂಗಡಿಯವರು ಚಮಕಾವನ್ನು ಚಮಕಾ ಎಂದೇ ಕರೆಯುತ್ತಾರೆ. ಬೆಂಗಳೂರಿಗೆ ಬರುವಷ್ಟರಲ್ಲಿ ಅದೇ ಸೀರೆ ‘ಇಳಕಲ್ ಸಿಲ್ಕ್’ ಆಗಿರುತ್ತದೆ.

ಅಸಲಿಯನ್ನು ಗುರುತಿಸಲು ಸೆರಗಿನ ಬುಡಕ್ಕೆ ಕಣ್ಣು ಹಾಕಿ. ಕೈಮಗ್ಗದ ಇಳಕಲ್ಲಿನಲ್ಲಿ ಒಡಲಿನ ಹಾಸೂ ಸೆರಗಿನ ಹಾಸೂ ಬೇರೆ ಬೇರೆ. ಒಂದೊಂದು ಎಳೆಯನ್ನೂ ಕುಣಿಕೆ ಹಾಕಿ ಕೂಡಿಸಿರುತ್ತಾರೆ. ಇದೇ ಕೊಂಡಿ. ಒಡಲಿನ ಬಣ್ಣ ಅಲ್ಲಿ ಒಮ್ಮೆಲೇ ನಿಂತು ಕೆಂಪು ಸೆರಗು ಶುರುವಾಗುತ್ತದೆ, ಅದರ ಮೇಲೆ ಕೋಟೆಯ ತೆನೆಗಳಂತೆ, ಬಾಚಣಿಗೆಯ ಹಲ್ಲುಗಳಂತೆ ಬಿಳಿಯ ಟೋಪಿ ತೆನೆ. ಹಾಸನ್ನು ಸೀರೆ ಸೀರೆಗೂ ಹೊಸದಾಗಿ ಕೂಡಿಸಬೇಕಾದ್ದರಿಂದ ಯಂತ್ರಕ್ಕೆ ಇದು ಒಗ್ಗುವುದಿಲ್ಲ. ನಕಲಿನಲ್ಲಿ ಕೆಂಪು ಸೆರಗಿನ ಒಳಗೆ ಒಡಲಿನ ಬಣ್ಣದ ಎಳೆ ಮುಂದುವರಿದಿರುತ್ತದೆ, ಇಲ್ಲವೇ ಸೆರಗನ್ನು ಅಚ್ಚು ಹಾಕಿರುತ್ತಾರೆ. ರವಿಕೆಗೆ ಗುಳೇದಗುಡ್ಡದ ಖಣ ಬೇರೆಯಾಗಿ ಕೊಂಡರೆ ಜೋಡಿ ಪೂರ್ತಿಯಾಗುತ್ತದೆ.

ಸೂರತ್‌ನ ‘ಸಿಲ್ಕ್’

ಜಾಲತಾಣದಲ್ಲಿ ಎಂಟುನೂರರಿಂದ ಎರಡೂವರೆ ಸಾವಿರದೊಳಗೆ ಕಾಣುವ ಲಿಚಿ ಸಿಲ್ಕ್, ಆರ್ಟ್ ಸಿಲ್ಕ್, ಸೆಮಿ ಸಿಲ್ಕ್ ಬಹುತೇಕ ಸೂರತ್‌ನ ಪಾಲಿಯೆಸ್ಟರ್. ‘ಸಾಫ್ಟ್ ಸಿಲ್ಕ್’ ಎಂಬುದು ಮಾತ್ರ ಜಾಣ ಹೆಸರು, ತಮಿಳುನಾಡಿನಲ್ಲಿ ಅದೇ ಹೆಸರಿನ ಶುದ್ಧ ರೇಷ್ಮೆಯೂ ಇದೆ. ಬೆಲೆಯೇ ಅಲ್ಲಿ ಉತ್ತರ: ಕಚ್ಚಾ ರೇಷ್ಮೆಗೇ ಮೂರು ಸಾವಿರ ಬೇಕಾಗುವಾಗ ಒಂದೂವರೆ ಸಾವಿರಕ್ಕೆ ರೇಷ್ಮೆ ಸೀರೆ ಬರುವುದು ಸಾಧ್ಯವಿಲ್ಲ. ಜಾಲತಾಣದವರು ತಯಾರಾದ ದೇಶವನ್ನು ಹೇಳಲೇಬೇಕೆಂಬ ನಿಯಮವಿದೆ, ಹಾಗಾಗಿ ‘ಭಾರತ’ ಎಂದು ಹಾಕಿರುತ್ತಾರೆ. ಊರು ತಿಳಿಯುವುದಿಲ್ಲ. ಈ ಸೀರೆ ಬೇಡ ಎನ್ನುತ್ತಿಲ್ಲ. ನೀರಿಗೆ ಹಾಕಬಹುದು, ಇಸ್ತ್ರಿ ಬೇಡ, ಅರಿಸಿನ ಶಾಸ್ತ್ರಕ್ಕೆ ಕಲೆಯಾದರೂ ಸಂಕಟವಿಲ್ಲ. ಆದರೆ ಬಿಸಿಲಿನಲ್ಲಿ ಚಪ್ಪರದ ಕೆಳಗೆ ಉಟ್ಟರೆ ಬೆವರು ಇಳಿಯುತ್ತದೆ, ಹೋಮದ ಹತ್ತಿರ ಕೂರುವವರಿಗೆ ಪಾಲಿಯೆಸ್ಟರ್ ಬೇಡವೇ ಬೇಡ, ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ.

ಯಾರಿಗೆ ಯಾವುದು

ಧಾರೆ ಸೀರೆಗೆ ಇಪ್ಪತ್ತೈದು ಸಾವಿರದವರೆಗೆ ಇಟ್ಟಿರುವವರು ಕಂಚಿಯ ಹೆಸರಿನ ಹಿಂದೆ ಬೀಳಬೇಡಿ. ಆ ಬೆಲೆಗೆ ಸಿಗುವ ಕಂಚಿಯಲ್ಲಿ ಜರಿಯಾದರೂ ರಾಜಿಯಾಗಿರುತ್ತದೆ, ನೇಯ್ಗೆಯಾದರೂ ರಾಜಿಯಾಗಿರುತ್ತದೆ. ಅದೇ ಹಣಕ್ಕೆ ಸಣ್ಣ ಅಂಚಿನ ಮೈಸೂರು ರೇಷ್ಮೆ ಬರುತ್ತದೆ, ಬೆಳ್ಳಿಯ ಜರಿ ಅಸಲಿ, ಮದುವೆಯ ನಂತರವೂ ಉಡುವ ಸೀರೆ. ಐವತ್ತು ಸಾವಿರದ ಮೇಲಾದರೆ, ಬಣ್ಣದ ಅಂಚು ಬೇಕೆನ್ನುವವರಿಗೆ ಸಂಘದ ಮಳಿಗೆಯ ಕೊರವೈ ಕಂಚಿಗೆ ನನ್ನ ಮತ. ಹದಿನೈದು ಸಾವಿರದೊಳಗೆ ಮೊಳಕಾಲ್ಮೂರು, ಧರ್ಮಾವರಂ ಇವೆ. ಇವೆರಡನ್ನೂ ನೋಡಲು ಹೋಗಲಾಗದಿದ್ದರೆ ರಾಜ್ಯದ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಗಳನ್ನು ನೋಡಿ. ಅಲ್ಲಿ ಬೆಳಕು ಮಂದ, ಉಪಚಾರ ಇನ್ನೂ ಮಂದ, ಆದರೆ ದೊಡ್ಡ ಮಳಿಗೆಯವರು ಕುಡಿಸುವ ಕಾಫಿಯ ಖರ್ಚು ಸೀರೆಯ ಬೆಲೆಯಲ್ಲಿ ಸೇರಿರುವುದಿಲ್ಲ.

ಉಡುಗೊರೆಯ ಹದಿನೈದು ಸೀರೆಗೆ ಬರುವಾಗ ಮನೆಯವರು ಮಾಡುವ ಸಾಮಾನ್ಯ ತಪ್ಪು, ಮೂರು ಸಾವಿರದ ಹುಸಿ ರೇಷ್ಮೆ ಕೊಳ್ಳುವುದು. ಅದೇ ಬೆಲೆಗೆ ರೇಷ್ಮೆ ಬೆರೆತ ಇಳಕಲ್ ಬರುತ್ತದೆ. ಕೊಟ್ಟವರ ಮುಖ ಉಳಿಯುತ್ತದೆ, ಪಡೆದವರು ಉಡುತ್ತಾರೆ. ಹುಸಿ ರೇಷ್ಮೆ ಮುಯ್ಯಿಯಾಗಿ ಮೂರು ಮನೆ ಸುತ್ತಿ ಕೊನೆಗೆ ಯಾರ ಮೈಗೂ ಏರುವುದಿಲ್ಲ.

ಜರಿಯ ಸೀರೆಯನ್ನು ಹೂಡಿಕೆ ಎಂದು ಮಾರುವವರ ಮಾತಿಗೆ ತಲೆದೂಗಬೇಡಿ. ಹಳೆಯ ಸೀರೆ ಕೊಳ್ಳಲು ಬರುವವರು ಅದನ್ನು ಸುಟ್ಟು ಬೆಳ್ಳಿ ತೆಗೆಯುತ್ತಾರೆ, ಕೊಡುವುದೂ ಬೆಳ್ಳಿಗೆ ಮಾತ್ರ. ನೇಯ್ಗೆಗೆ ಕೊಟ್ಟ ದುಡ್ಡು ಉಟ್ಟಾಗಲೇ ವಸೂಲಾಗಬೇಕು.

ಕೊನೆಗೆ ಬಿಲ್ಲು. ‘ಸಿಲ್ಕ್ ಸೀರೆ, ಒಂದು’ ಎಂದು ಬರೆದ ಚೀಟಿ ತೆಗೆದುಕೊಂಡು ಬಂದರೆ ಮುಂದೆ ಯಾವ ಗ್ರಾಹಕರ ಆಯೋಗದ ಮುಂದೆಯೂ ವಾದಿಸಲು ಏನೂ ಇರುವುದಿಲ್ಲ. ಹಾಸು ಹೊಕ್ಕು ಎರಡೂ ರೇಷ್ಮೆ, ಜರಿ ಬೆಳ್ಳಿಯದೋ ತಾಮ್ರದ್ದೋ, ಕೈಮಗ್ಗವೋ ವಿದ್ಯುತ್ ಮಗ್ಗವೋ, ನೇಯ್ದ ಊರು ಯಾವುದು, ಸಿಲ್ಕ್ ಮಾರ್ಕ್ ಸಂಖ್ಯೆ ಎಷ್ಟು, ಇವಿಷ್ಟನ್ನು ಬಿಲ್ಲಿನ ಮೇಲೆ ಬರೆದು ಸಹಿ ಹಾಕಿಕೊಡಿ ಎಂದು ದುಡ್ಡು ಕೊಡುವ ಮೊದಲೇ ಕೇಳಿ. ಕೆಲವರು ಬರೆದುಕೊಡುತ್ತಾರೆ. ಕೆಲವರು ‘ನಮ್ಮ ಅಂಗಡಿಯ ಹೆಸರೇ ಗ್ಯಾರಂಟಿ ಅಮ್ಮ’ ಎನ್ನುತ್ತಾರೆ. ಅಂಥ ಕಡೆ ಸೀರೆಯನ್ನು ಮಡಿಸಿ ಗದ್ದಿಗೆಯ ಮೇಲಿಟ್ಟು ಪಕ್ಕದ ಅಂಗಡಿಗೆ ನಡೆಯಿರಿ.